ಕ್ಯಾಲ್ಸಿಯಂ ಗುಳಿಗೆ: ಎಷ್ಟು ಬೇಕು, ಯಾವಾಗ ನುಂಗಬೇಕು, ಯಾರು ಮುಟ್ಟಬಾರದು

‘ಮೊಣಕಾಲು ಹಿಡದಾವ್ರಿ, ಒಂದು ಸ್ಟ್ರಿಪ್ ಕ್ಯಾಲ್ಸಿಯಂ ಕೊಡ್ರಿ.’ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿಲ್ಲಿ, ರಾಣೆಬೆನ್ನೂರಿನ ಪೇಟೆಯಲ್ಲಿ ನಿಲ್ಲಿ, ಔಷಧ ಅಂಗಡಿಯ ಕಟ್ಟೆಯ ಮುಂದೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಚೀಟಿ ಕೇಳದೆ ಕೊಡುತ್ತಾರೆ, ಬೆಲೆಯೂ ಭಾರವಲ್ಲ, ‘ಎಲುಬಿಗೆ ಒಳ್ಳೇದು, ತಗೊಂಡ್ರ ಏನಾಗ್ತದ’ ಎಂಬ ಧೈರ್ಯ ಬೇರೆ. ಆಗುವುದು ಇದೆ. ಯಾರಿಗೆ, ಯಾಕೆ ಎಂಬುದನ್ನು ಕೆಳಗೆ ಬಿಡಿಸಿ ಹೇಳಿದ್ದೇವೆ.

ಈ ಗುಳಿಗೆಯ ಕೆಲಸ ಒಂದೇ, ಊಟದಲ್ಲಿ ಬಾರದ ಕ್ಯಾಲ್ಸಿಯಂ ಅನ್ನು ತುಂಬಿಕೊಡುವುದು. ಊಟದಲ್ಲೇ ಸಾಕಷ್ಟು ಬರುತ್ತಿದ್ದರೆ ಗುಳಿಗೆಗೆ ಮಾಡಲು ಕೆಲಸವಿಲ್ಲ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಗಂಗಾಳ ನೋಡಬೇಕು.

ಹೆಜ್ಜೆ 1: ನೋವು ಎಲ್ಲಿಯದು, ಮೊದಲು ಗೊತ್ತು ಮಾಡಿಕೊಳ್ಳಿ

ಐವತ್ತು ದಾಟಿದವರ ಮೊಣಕಾಲು ನೋವು ಬಹುತೇಕ ಕೀಲಿನ ಮೃದು ಎಲುಬು ಸವೆದದ್ದರಿಂದ ಬರುತ್ತದೆ. ಎರಡು ಎಲುಬುಗಳ ನಡುವಿನ ಆ ಮೆತ್ತೆ ಕ್ಯಾಲ್ಸಿಯಂನಿಂದ ಆದದ್ದಲ್ಲ, ಕ್ಯಾಲ್ಸಿಯಂ ನುಂಗಿದರೆ ಮತ್ತೆ ಬೆಳೆಯುವುದೂ ಇಲ್ಲ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ತೂಕ ಇಳಿಸುವುದು, ಕುಕ್ಕರಗಾಲಲ್ಲಿ ಕೂಡುವುದನ್ನು ಕಡಿಮೆ ಮಾಡುವುದು ಅಲ್ಲಿ ಉಪಯೋಗಕ್ಕೆ ಬರುತ್ತವೆ.

ಕ್ಯಾಲ್ಸಿಯಂಗೆ ಸಂಬಂಧಪಟ್ಟದ್ದು ಎಲುಬು ಟೊಳ್ಳಾಗುವ ರೋಗ, ಆಸ್ಟಿಯೊಪೊರೊಸಿಸ್. ಇದು ನೋಯುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಸವೆದು, ಬಚ್ಚಲಲ್ಲಿ ಜಾರಿ ಬಿದ್ದ ದಿನ ಮುಂಗೈ ಮುರಿದೋ ತೊಡೆಯ ಮೇಲ್ಭಾಗ ಮುರಿದೋ ಗೊತ್ತಾಗುತ್ತದೆ. ಆದ್ದರಿಂದ ನೋವಿಗಿಂತ ಈ ಗುರುತುಗಳನ್ನು ನೋಡಿ: ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಎಲುಬು ಮುರಿದಿದೆಯೇ, ವಯಸ್ಸಿನಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂ.ಮೀ. ಕುಗ್ಗಿದ್ದೀರಾ, ಬೆನ್ನು ಬಾಗಿದೆಯೇ, ತಾಯಿಗೋ ತಂದೆಗೋ ತೊಡೆ ಎಲುಬು ಮುರಿದಿತ್ತೇ, ಮೂರು ತಿಂಗಳು ಮೀರಿ ಸ್ಟಿರಾಯ್ಡ್ ಗುಳಿಗೆ ತೆಗೆದುಕೊಂಡಿದ್ದೀರಾ, ಮೂರ್ಛೆರೋಗಕ್ಕೆ ಫೆನಿಟಾಯಿನ್, ಫಿನೊಬಾರ್ಬಿಟೋನ್‌ನಂಥ ಗುಳಿಗೆ ವರ್ಷಗಳಿಂದ ನಡೆದಿದೆಯೇ. ಕೀಲುನೋವಿಗೆಂದು ಹೆಸರಿಲ್ಲದ ಪುಡಿ ತಿಂದು ಎರಡೇ ದಿನದಲ್ಲಿ ಜಾದೂ ಆದಂತೆ ನೋವು ಇಳಿದಿದ್ದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಶಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಪ್ರಶ್ನೆ ಇದೆ. ಗರ್ಭಕೋಶ ತೆಗೆಸಿಕೊಂಡಿದ್ದರೆ ಹಳೆಯ ಡಿಸ್ಚಾರ್ಜ್ ಕಾರ್ಡ್ ಹುಡುಕಿ, ಅಂಡಾಶಯಗಳನ್ನೂ ತೆಗೆದಿದ್ದಾರೆಯೇ ನೋಡಿ. ಗರ್ಭಕೋಶ ಮಾತ್ರ ಹೋಗಿದ್ದರೆ ಎಲುಬು ಕಾಯುವ ಹಾರ್ಮೋನ್ ಈಸ್ಟ್ರೋಜನ್ ಅಂಡಾಶಯದಿಂದ ಬರುತ್ತಲೇ ಇರುತ್ತದೆ. ಎರಡೂ ಅಂಡಾಶಯ ಹೋಗಿದ್ದರೆ ಮೂವತ್ತೆಂಟರ ಹೆಣ್ಣುಮಗಳ ಎಲುಬಿಗೂ ಆ ದಿನದಿಂದಲೇ ಮುಟ್ಟು ನಿಂತಂತೆ ಲೆಕ್ಕ. ಅಂಥವರು ಅರವತ್ತಾಗುವವರೆಗೆ ಕಾಯದೆ ಈಗಲೇ ವೈದ್ಯರನ್ನು ಕಾಣಬೇಕು.

ಗದಗ ಜಿಲ್ಲೆಯವರು, ಅದರಲ್ಲೂ ಮುಂಡರಗಿ ಕಡೆಯವರು, ಇಲ್ಲಿ ಸ್ವಲ್ಪ ನಿಂತು ಓದಬೇಕು. ಆ ಭಾಗದ ಹಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಇರಬಹುದು, ಬೇರೆ ನೀರು ಇಲ್ಲವೇ ಇಲ್ಲ ಎಂದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕುತ್ತಿಗೆ, ಟೊಂಕ ಸೆಟೆದುಕೊಳ್ಳುತ್ತವೆ, ಬಗ್ಗಿ ನೆಲದ ಮೇಲಿನ ವಸ್ತು ಎತ್ತಲಾಗುವುದಿಲ್ಲ, ಮಕ್ಕಳ ಹಲ್ಲಿನ ಮೇಲೆ ಕಂದುಗೆರೆ ಬರುತ್ತವೆ. ಇದು ಟೊಳ್ಳೆಲುಬಿನ ತಿರುವುಮುರುವು. ಎಕ್ಸ್‌ರೇಯಲ್ಲಿ ಬೆನ್ನೆಲುಬು ಬೇಕಾದ್ದಕ್ಕಿಂತ ದಟ್ಟವಾಗಿ ಕಾಣುತ್ತದೆ, ಎಲುಬಿನ ದಟ್ಟಣೆ ಅಳೆಯುವ ಡೆಕ್ಸಾ ಸ್ಕ್ಯಾನ್ ‘ಬಹಳ ಗಟ್ಟಿ’ ಎಂದು ಅಂಕಿ ತೋರಿಸಬಹುದು, ಆದರೂ ಎಲುಬಿಗೆ ತಾಳಿಕೆ ಕಡಿಮೆ. ಹಾಲು-ಮಜ್ಜಿಗೆಯ ಕ್ಯಾಲ್ಸಿಯಂ ಕರುಳಿನಲ್ಲಿ ಫ್ಲೋರೈಡನ್ನು ಕಟ್ಟಿಹಾಕಿ ಒಂದಿಷ್ಟನ್ನು ಹೊರಗೆ ಸಾಗಿಸುತ್ತದೆ ಎಂಬುದು ನಿಜ. ಆದರೆ ಅದೇ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ಗುಳಿಗೆ ನುಂಗುತ್ತಾ ಕೂತರೆ ರೋಗ ನಿಲ್ಲುವುದಿಲ್ಲ. ಪಂಚಾಯಿತಿಯಲ್ಲಿ ಕೇಳಿ ನೀರಿನ ಮಾದರಿ ಪರೀಕ್ಷೆಗೆ ಕಳಿಸಿ, ಕುಡಿಯಲಿಕ್ಕೂ ಅಡುಗೆಗೂ ನದಿ ನೀರೋ ಶುದ್ಧ ಘಟಕದ ನೀರೋ ಹಿಡಿಯಿರಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಇನ್ನೂ ದಟ್ಟವಾಗುತ್ತದೆ.

ಹೆಜ್ಜೆ 2: ಒಂದು ದಿನದ ಊಟ ಲೆಕ್ಕ ಹಾಕಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಮುಟ್ಟು ನಿಂತ ಹೆಂಗಸರಿಗೂ ಹಾಲೂಡಿಸುವ ತಾಯಂದಿರಿಗೂ 1200. ಊಟ, ಗುಳಿಗೆ ಎಲ್ಲ ಸೇರಿ 2500 ಮೀರಬಾರದು. ಹಳೆಯ ಪುಸ್ತಕಗಳಲ್ಲಿ ವಯಸ್ಕರಿಗೆ 600 ಎಂದು ಇರುತ್ತದೆ, ಅದು 2010ರ ಲೆಕ್ಕ.

ಈಗ ನಮ್ಮ ಕಡೆಯ ಮಾಮೂಲಿ ದಿನ ತೆಗೆದುಕೊಳ್ಳೋಣ. ಎರಡು ಸಲ ಚಹಾ, ಎರಡರಲ್ಲೂ ಸೇರಿ 100 ಮಿ.ಲೀ. ಹಾಲು: 120 ಮಿ.ಗ್ರಾಂ. ನಾಲ್ಕು ಜೋಳದ ರೊಟ್ಟಿ, ಹಿಟ್ಟು 240 ಗ್ರಾಂ ಎಂದು ಹಿಡಿದರೂ ಬರುವುದು ಬರೀ 65. ಜೋಳದಲ್ಲಿ ಕ್ಯಾಲ್ಸಿಯಂ ಅಷ್ಟಕ್ಕಷ್ಟೇ, ಇದು ಬಹಳ ಮಂದಿಗೆ ಗೊತ್ತಿಲ್ಲ. ಬೇಳೆ-ಕಾಳಿನಿಂದ ಒಂದು 30. ಮೆಂತ್ಯ ಪಲ್ಲೆ, ಸೋಸಿದ ತಪ್ಪಲು 50 ಗ್ರಾಂ: 135ರ ಆಸುಪಾಸು. ಒಂದು ಸಣ್ಣ ವಾಟಿ ಮೊಸರು: 120. ಕೂಡಿಸಿದರೆ 470.

ಐವತ್ತೈದರ ಹೆಣ್ಣುಮಗಳಿಗೆ ಬೇಕಾದ್ದು 1200, ಕೊರತೆ 730. ಇದಕ್ಕೆ 500ರ ಗುಳಿಗೆ ಎರಡು ಎಂದು ಹಾರಬೇಡಿ. ರಾತ್ರಿ 200 ಮಿ.ಲೀ. ಹಾಲು ಸೇರಿಸಿ, 240 ಬಂತು. ಮುಂಜಾನೆ 30 ಗ್ರಾಂ ರಾಗಿ ಹಿಟ್ಟಿನ ಅಂಬಲಿ ಕುಡಿಯಲಿ, ಇನ್ನೊಂದು 110. ಉಳಿದ ಕೊರತೆ 380. ಅದಕ್ಕೆ 500ರ ಒಂದೇ ಗುಳಿಗೆ ಸಾಕು. ಇದೇ ಊಟ ಮಾಡುವ ನಲವತ್ತೈದರ ಗಂಡಸಿಗೆ ಬೇಕಾದ್ದು 1000. ಹಾಲು, ಅಂಬಲಿ ಸೇರಿಸಿ ಇನ್ನೊಂದು ವಾಟಿ ಮೊಸರು, ರೊಟ್ಟಿಗೆ ಒಂದು ಚಮಚೆ ಗುರೆಳ್ಳು ಚಟ್ನಿ ಹಚ್ಚಿಕೊಂಡರೆ ಲೆಕ್ಕ ಮುಟ್ಟೇ ಬಿಟ್ಟಿತು. ಆತನಿಗೆ ಗುಳಿಗೆ ಬೇಡ.

ಲೆಕ್ಕ ಹಾಕುವಾಗ ಎಡವುವ ಜಾಗಗಳು ಕೆಲವಿವೆ. ಪಾಲಕದಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ಕಟ್ಟಿ ಹಿಡಿದಿರುತ್ತದೆ. ಹಾಲಿನದು ಶೇ. 30ರಷ್ಟು ಮೈಗೆ ಹತ್ತಿದರೆ ಪಾಲಕದ್ದು ಶೇ. 5ರಷ್ಟು ಮಾತ್ರ. ರಾಜಗಿರಿಯಲ್ಲೂ, ಸಿಪ್ಪೆ ಸಹಿತ ಎಳ್ಳಿನಲ್ಲೂ ಆಕ್ಸಲೇಟ್ ಇರುವುದರಿಂದ ಅವುಗಳ ಅಂಕಿಯನ್ನು ಪೂರ್ತಿ ನಂಬಬೇಡಿ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ರುಚಿಗೆ ತಿನ್ನಿ. ಬೆಣ್ಣೆ, ತುಪ್ಪದಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. ಕೆನೆ ತೆಗೆದ ಹಾಲಿನಲ್ಲಿ, ನೀರು ಹೆಚ್ಚು ಬೆರೆಸದ ಮಜ್ಜಿಗೆಯಲ್ಲಿ ಅದು ಹಾಗೇ ಉಳಿದಿರುತ್ತದೆ. ಧಾರವಾಡ ಪೇಢಾದಲ್ಲಿಯೂ ಹಾಲಿನ ಕ್ಯಾಲ್ಸಿಯಂ ಇದೆ ಎಂದು ವಾದ ಹೂಡುವವರಿದ್ದಾರೆ. ಇದೆ, ಅದರ ಜೊತೆಗೆ ಬರುವ ಸಕ್ಕರೆಯನ್ನೂ ಎಣಿಸಿ ವಾದ ಮಾಡಲಿ.

ಹೆಜ್ಜೆ 3: ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ

ಎದುರಿಗೆ ದಪ್ಪಕ್ಷರದಲ್ಲಿ ಕಾಣುವ ಅಂಕಿ ಮೋಸ ಮಾಡುವುದು ಇಲ್ಲಿ. ಗುಳಿಗೆಯಲ್ಲಿ ಇರುವುದು ಶುದ್ಧ ಕ್ಯಾಲ್ಸಿಯಂ ಅಲ್ಲ, ಕ್ಯಾಲ್ಸಿಯಂನ ಒಂದು ಲವಣ. ಮೈಗೆ ಲೆಕ್ಕಕ್ಕೆ ಬರುವುದು ಅದರೊಳಗಿನ ‘ಎಲಿಮೆಂಟಲ್ ಕ್ಯಾಲ್ಸಿಯಂ’ ಮಾತ್ರ.

ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ಶೇ. 40, ಸಿಟ್ರೇಟ್‌ನಲ್ಲಿ ಶೇ. 21, ಲ್ಯಾಕ್ಟೇಟ್‌ನಲ್ಲಿ ಶೇ. 13, ಗ್ಲುಕೊನೇಟ್‌ನಲ್ಲಿ ಶೇ. 9ರಷ್ಟು ಕ್ಯಾಲ್ಸಿಯಂ ಇರುತ್ತದೆ. ಅಂದರೆ 1250 ಮಿ.ಗ್ರಾಂ ಕಾರ್ಬೊನೇಟ್ ಇರುವ ಗುಳಿಗೆ 500 ಮಿ.ಗ್ರಾಂ ಕೊಡುತ್ತದೆ. ‘ಸಿಟ್ರೇಟ್ 1000’ ಎಂದು ಬರೆದ ಗುಳಿಗೆ ಕೊಡುವುದು 210 ಮಾತ್ರ. ದೊಡ್ಡ ಅಂಕಿ ನೋಡಿ ದುಬಾರಿ ಗುಳಿಗೆ ಒಯ್ದವರು ಸಣ್ಣ ಅಂಕಿಯ ಅಗ್ಗದ ಗುಳಿಗೆಗಿಂತ ಅರ್ಧಕ್ಕೂ ಕಡಿಮೆ ಕ್ಯಾಲ್ಸಿಯಂ ನುಂಗಿರುತ್ತಾರೆ. ಚಿಪ್ಪಿನದು, ಹವಳದ್ದು ಎಂದು ಮಾರುವುದೂ ಕಾರ್ಬೊನೇಟೇ. ಅದಕ್ಕೆ ಹೆಚ್ಚು ರೊಕ್ಕ ಕೊಡಲು ಕಾರಣ ಕಾಣುವುದಿಲ್ಲ. ಜನೌಷಧಿ ಕೇಂದ್ರದ ಸಾದಾ ಕಾರ್ಬೊನೇಟ್-ಡಿ3 (ವಿಟಮಿನ್ ಡಿ ಸೇರಿದ) ಗುಳಿಗೆ ಇದೇ ಕೆಲಸ ಮಾಡುತ್ತದೆ.

ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಊಟದ ಜೊತೆಗೇ ನುಂಗಬೇಕು. ಸಿಟ್ರೇಟ್‌ಗೆ ಆ ಹಂಗಿಲ್ಲ. ಆದ್ದರಿಂದ ಗ್ಯಾಸ್ಟ್ರಿಕ್‌ಗೆಂದು ದಿನಾ ಮುಂಜಾನೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ನುಂಗುವವರಿಗೆ ಸಿಟ್ರೇಟ್ ವಾಸಿ.

ಅದೇ ಸಣ್ಣಕ್ಷರದಲ್ಲಿ ಇನ್ನೆರಡು ಹೆಸರು ಹುಡುಕಿ. ಒಂದು ಕ್ಯಾಲ್ಸಿಟ್ರಿಯಾಲ್, ಸಾಮಾನ್ಯವಾಗಿ 0.25 ಮೈಕ್ರೋಗ್ರಾಂ. ಇದು ಸಾದಾ ಡಿ3 ಅಲ್ಲ, ಮೂತ್ರಪಿಂಡ ತಯಾರಿಸುವ ಕೊನೆಯ ರೂಪದ ಡಿ. ಮೂತ್ರಪಿಂಡ ಕೆಟ್ಟವರಿಗೆ, ರಕ್ತದ ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಮಾಡದವರಿಗೆ ವೈದ್ಯರು ಅಳತೆ ನೋಡಿ ಕೊಡುವ ಔಷಧ. ದೇಹ ತನಗೆ ಬೇಕಾದಷ್ಟೇ ಡಿ ಸಿದ್ಧಪಡಿಸಿಕೊಳ್ಳುವ ತಡೆಗಟ್ಟೆಯನ್ನು ಇದು ದಾಟಿಬಿಡುತ್ತದೆ. ಕ್ಯಾಲ್ಸಿಯಂ ಜೊತೆ ಇದನ್ನೂ ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುವ ಅಪಾಯ ಹೆಚ್ಚು. ಸಾದಾ ಕೊರತೆಗೆ ನೀವಾಗಿ ಇದನ್ನು ಕೊಳ್ಳಬೇಡಿ. ಎರಡನೆಯದು ವಿಟಮಿನ್ ಕೆ2, ಸ್ಟ್ರಿಪ್ ಮೇಲೆ ಕೆ2-7 ಎಂದಿರುತ್ತದೆ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳುತ್ತಿರುವವರಿಗೆ ಇದು ರಕ್ತ ತೆಳು ಮಾಡುವ ಗುಳಿಗೆಯ ಕೆಲಸವನ್ನೇ ಕೆಡಿಸುತ್ತದೆ, ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಆನ್‌ಲೈನಿನಲ್ಲಿ ‘ಎಲುಬು ಬೆಳೆಸುವ’ ಸ್ಟ್ರಾಂಷಿಯಂ ಮಾರುವವರೂ ಇದ್ದಾರೆ. ಔಷಧವಾಗಿ ಬಂದಿದ್ದ ಸ್ಟ್ರಾಂಷಿಯಂ ರಾನೆಲೇಟ್ ಬಳಕೆಯನ್ನು ಹೃದಯಾಘಾತದ ಅಪಾಯದ ಕಾರಣಕ್ಕೆ ಯುರೋಪಿನಲ್ಲಿ 2014ರಲ್ಲಿ ಬಿಗಿಗೊಳಿಸಿದರು, 2017ರಲ್ಲಿ ತಯಾರಕರೇ ನಿಲ್ಲಿಸಿದರು. ಸ್ಟ್ರಾಂಷಿಯಂ ಎಲುಬಿನೊಳಗೆ ಕೂತರೆ ಡೆಕ್ಸಾ ಅಂಕಿ ಸುಳ್ಳೇ ಏರಿ ಕಾಣುತ್ತದೆ, ನೋಡಿದವರು ಖುಷಿಪಡುತ್ತಾರೆ. ದೂರವಿಡಿ.

ಹೆಜ್ಜೆ 4: ಶುರು ಮಾಡುವ ಮುಂಚೆ ಯಾವ ಪರೀಕ್ಷೆ

ಊಟದ ಕೊರತೆ ತುಂಬಲು 500ರ ಒಂದು ಗುಳಿಗೆ ನುಂಗುವ ಆರೋಗ್ಯವಂತರಿಗೆ ದೊಡ್ಡ ಪರೀಕ್ಷೆಯೇನೂ ಬೇಡ. ವಯಸ್ಸಾಗಿದ್ದರೆ, ಬಿಪಿ-ಶುಗರ್ ಇದ್ದರೆ, ಹಿಂದೆ ಕಿಡ್ನಿಯಲ್ಲಿ ಕಲ್ಲು ಆಗಿದ್ದರೆ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ಪರೀಕ್ಷೆ), ರಕ್ತದ ಕ್ಯಾಲ್ಸಿಯಂ, ಆಲ್ಬುಮಿನ್ (ರಕ್ತದ ಪ್ರೋಟೀನು) ನೋಡಿಸಿ. ರಕ್ತದ ಕ್ಯಾಲ್ಸಿಯಂ 8.5ರಿಂದ 10.5 ಮಿ.ಗ್ರಾಂ ನಡುವೆ ಇದ್ದರೆ ಸರಿ ಎನ್ನುತ್ತಾರೆ. ಆದರೆ ಅದರಿಂದ ಎಲುಬು ಗಟ್ಟಿ ಎಂದು ತಿಳಿಯಬೇಡಿ. ರಕ್ತದಲ್ಲಿ ಕಡಿಮೆ ಬಿದ್ದರೆ ದೇಹ ಎಲುಬಿನಿಂದ ಕಿತ್ತು ತಂದು ಸರಿ ಮಾಡಿಕೊಳ್ಳುತ್ತದೆ. ಎಲುಬು ಬರಿದಾಗುತ್ತಿದ್ದರೂ ರಿಪೋರ್ಟ್ ಚೆನ್ನಾಗಿಯೇ ಇರುತ್ತದೆ. ಗುಳಿಗೆ ಶುರುವಾಗುವ ಮೊದಲೇ ಈ ಅಂಕಿ 10.5 ಮೀರಿದ್ದರೆ ಅದು ಬೇರೆ ರೋಗದ ಸೂಚನೆ. ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡಿಸದೆ ಒಂದು ಗುಳಿಗೆಯನ್ನೂ ನುಂಗಬಾರದು.

ಎಲುಬಿನ ದಟ್ಟಣೆ ನೋಡಲು ಡೆಕ್ಸಾ ಸ್ಕ್ಯಾನ್ ಬೇಕು. ಅದರ ರಿಪೋರ್ಟಿನಲ್ಲಿ ಟಿ-ಸ್ಕೋರ್ ಎಂಬ ಅಂಕಿ ಮೈನಸ್ 1ರವರೆಗೆ ಸಹಜ, ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಎಂದರೆ ಟೊಳ್ಳೆಲುಬು, ನಡುವಿನದು ಸವಕಳಿಯ ಮೊದಲ ಹಂತ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಜೆಲ್ ಹಚ್ಚಿ ನೋಡುವ ಅಲ್ಟ್ರಾಸೌಂಡ್ ಯಂತ್ರ ಡೆಕ್ಸಾ ಅಲ್ಲ. ಅದರ ಚೀಟಿ ಕೈಯಲ್ಲಿ ಹಿಡಿದು ಆ ಶಿಬಿರದ ಮೇಜಿನ ಮೇಲೇ ಆರು ತಿಂಗಳ ಗುಳಿಗೆ ಕೊಳ್ಳುವ ಅವಸರ ಬೇಡ.

ಹೆಜ್ಜೆ 5: ಹೊತ್ತು ಗೊತ್ತು ಮಾಡಿ

ಒಂದು ಸಲಕ್ಕೆ 500 ಮಿ.ಗ್ರಾಂಗಿಂತ ಹೆಚ್ಚು ನುಂಗಬೇಡಿ, ಅದರಾಚೆ ಕರುಳು ಹೀರಿಕೊಳ್ಳುವ ಪಾಲು ಕಡಿಮೆಯಾಗುತ್ತ ಹೋಗುತ್ತದೆ. ಎರಡು ಬೇಕಾದವರು ಮಧ್ಯಾಹ್ನದ ಊಟಕ್ಕೊಂದು, ರಾತ್ರಿ ಊಟಕ್ಕೊಂದು ಹಂಚಿಕೊಳ್ಳಿ. ಊಟದ ನಡುವೆಯೋ ಕೈ ತೊಳೆದ ಕೂಡಲೆಯೋ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ. ಗುಳಿಗೆ ದಪ್ಪ, ಅರ್ಧ ಗುಟುಕಿನಲ್ಲಿ ನುಂಗಿದರೆ ಗಂಟಲಿನಲ್ಲಿ ನಿಲ್ಲುತ್ತದೆ. ವಯಸ್ಸಾದವರಿಗೆ ಜಗಿಯುವ ಗುಳಿಗೆ ಅನುಕೂಲ.

ಕ್ಯಾಲ್ಸಿಯಂಗೆ ಒಂದು ಕೆಟ್ಟ ಚಾಳಿ ಇದೆ, ಹೊಟ್ಟೆಯಲ್ಲಿ ಸಿಕ್ಕ ಬೇರೆ ಗುಳಿಗೆಯನ್ನು ಅಪ್ಪಿಕೊಂಡುಬಿಡುತ್ತದೆ. ಆಗ ಆ ಗುಳಿಗೆ ಮೈಗೆ ಹತ್ತುವುದಿಲ್ಲ. ಥೈರಾಯ್ಡ್ ಗುಳಿಗೆಗೂ ಕ್ಯಾಲ್ಸಿಯಂಗೂ ನಾಲ್ಕು ತಾಸಿನ ಅಂತರ ಬೇಕು. ಎರಡನ್ನೂ ಮುಂಜಾನೆ ಒಟ್ಟಿಗೆ ನುಂಗುವವರಿಗೆ ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಅಂಕಿ ಇಳಿಯದೆ ಥೈರಾಯ್ಡ್ ಡೋಸು ಸುಮ್ಮನೆ ಏರುತ್ತ ಹೋಗುತ್ತದೆ. ಕಬ್ಬಿಣದ ಗುಳಿಗೆಗೆ ಎರಡು ತಾಸು. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್ ನಡೆದಿರುವ ಐದಾರು ದಿನ ಕ್ಯಾಲ್ಸಿಯಂ ಬಿಟ್ಟರೂ ಎಲುಬಿಗೆ ನಷ್ಟವಿಲ್ಲ, ಅದೇ ಸುಲಭ. ಎಚ್‌ಐವಿಗೆ ಎಆರ್‌ಟಿ ಕೇಂದ್ರದಿಂದ ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರು ಎರಡನ್ನೂ ಊಟದ ಜೊತೆಗೇ ನುಂಗಬಹುದು. ಖಾಲಿ ಹೊಟ್ಟೆಯಲ್ಲಾದರೆ ಕ್ಯಾಲ್ಸಿಯಂಗಿಂತ ಎರಡು ತಾಸು ಮೊದಲು ಅಥವಾ ಆರು ತಾಸು ನಂತರ ಡೊಲುಟೆಗ್ರಾವಿರ್.

ಟೊಳ್ಳೆಲುಬಿಗೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ಬರೆದುಕೊಟ್ಟಿದ್ದರೆ ಅದರ ಕಟ್ಟಳೆ ಬೇರೆ. ಮುಂಜಾನೆ ಎದ್ದಕೂಡಲೆ, ಚಹಾಕ್ಕೂ ಮೊದಲು, ಒಂದು ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ತಾಸು ಮಲಗದೆ ಕೂಡಬೇಕು ಇಲ್ಲವೇ ಅಡ್ಡಾಡಬೇಕು. ಮಲಗಿದರೆ ಅನ್ನನಾಳ ಸುಟ್ಟು ಹುಣ್ಣಾಗುತ್ತದೆ. ಆ ದಿನದ ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ.

ಗರ್ಭಿಣಿಯರಿಗೆ ಸರಕಾರದ 2014ರ ಮಾರ್ಗಸೂಚಿ ಸ್ಪಷ್ಟವಾಗಿದೆ: 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಗುಳಿಗೆ, ಒಂದೊಂದರಲ್ಲೂ 500 ಮಿ.ಗ್ರಾಂ ಕ್ಯಾಲ್ಸಿಯಂ, 250 ಐ.ಯು. (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಯೂನಿಟ್) ಡಿ3. ಒಂದೊಂದನ್ನು ಒಂದೊಂದು ಊಟದ ಜೊತೆ, ಕಬ್ಬಿಣದ ಗುಳಿಗೆಯನ್ನು ಊಟವಾಗಿ ಎರಡು ತಾಸಿನ ಮೇಲೆ. ಆಶಾ ಕಾರ್ಯಕರ್ತೆ ಕ್ಯಾಲ್ಸಿಯಂ, ಕಬ್ಬಿಣ ಎರಡೂ ಗುಳಿಗೆ ಒಂದೇ ಚೀಲದಲ್ಲಿ ಕೊಟ್ಟು ಹೋದರೆಂದು ಒಂದೇ ಗುಟುಕಿಗೆ ನುಂಗುವುದು ಸಾಮಾನ್ಯ ತಪ್ಪು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಗರ್ಭಿಣಿಯರಲ್ಲಿ ಬಿಪಿ ಏರುವ ತೊಂದರೆಯನ್ನೂ ಈ ಗುಳಿಗೆ ತಗ್ಗಿಸುತ್ತದೆ. ಹಾಗಾಗಿ ‘ಕೂಸು ದಪ್ಪಾಗ್ತದ’ ಎಂಬ ಮಾತು ಕೇಳಿ ಬಿಡಬಾರದು.

ಹೆಜ್ಜೆ 6: ವಿಟಮಿನ್ ಡಿ, ಹಾಗೂ ಅದರ ದೊಡ್ಡ ತಪ್ಪು

ಡಿ ಇಲ್ಲದೆ ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆ. ದಿನಕ್ಕೆ 600 ಐ.ಯು., ಅರವತ್ತು ದಾಟಿದವರಿಗೆ 800. ನಮ್ಮ ಬಿಸಿಲಿಗೇನು ಬರವಿಲ್ಲ. ಆದರೆ ಡಿ ತಯಾರಿಸುವ ಕಿರಣ ಗಾಜು ದಾಟಿ ಬರುವುದಿಲ್ಲ, ಎಳೆಬಿಸಿಲಿನಲ್ಲಿಯೂ ಅಷ್ಟಿರುವುದಿಲ್ಲ. ಮಧ್ಯಾಹ್ನದ ಆಸುಪಾಸಿನಲ್ಲಿ ತೋಳು, ಕಾಲಿಗೆ ಬಿಸಿಲು ತಾಗಬೇಕು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ ಮೈ ಬೆಚ್ಚಗಾಗುತ್ತದೆ, ಅಷ್ಟೇ.

ಡಿ ಕೊರತೆಗೆ ವೈದ್ಯರು ಬರೆಯುವುದು 60,000 ಐ.ಯು. ಪುಡಿಯ ಪೊಟ್ಟಣ ಅಥವಾ ಕ್ಯಾಪ್ಸೂಲು ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದಿದ್ದನ್ನು ‘ದಿನಕ್ಕೊಮ್ಮೆ’ ಎಂದು ಓದಿಕೊಂಡು ನುಂಗಿದವರು ವಾಂತಿ, ಮರೆವು, ಕಿಡ್ನಿ ತೊಂದರೆಯೊಂದಿಗೆ ಆಸ್ಪತ್ರೆ ಸೇರುತ್ತಾರೆ. ಡಿ ಕೊಬ್ಬಿನಲ್ಲಿ ಕೂಡಿಕೊಳ್ಳುವುದರಿಂದ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಕಾಡುತ್ತದೆ. ವಾರದ ಒಂದು ದಿನ, ಭಾನುವಾರ ಎಂದುಕೊಳ್ಳಿ, ಗೊತ್ತು ಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎಂಟು ಪೊಟ್ಟಣ ಮುಗಿದ ಮೇಲೆ ಒಂಬತ್ತನೆಯದನ್ನು ಕೇಳದೆ ಒಯ್ಯಬೇಡಿ.

ಆರು ಲಕ್ಷ ಐ.ಯು.ನ ಒಂದೇ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳುವ ರೂಢಿಯೂ ಇದೆ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ 2,256 ಹೆಂಗಸರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೊಮ್ಮೆ ಬಾಯಿಂದ ಐದು ಲಕ್ಷ ಐ.ಯು. ಕೊಟ್ಟಾಗ ಬೀಳುವುದು ಶೇ. 15, ಎಲುಬು ಮುರಿತ ಶೇ. 26 ಹೆಚ್ಚಾಯಿತು. ಸ್ವಲ್ಪ ಸ್ವಲ್ಪವೇ ಒಳ್ಳೆಯದು.

ಎಷ್ಟು ಲಾಭ, ಎಷ್ಟು ಅಪಾಯ

ಲಾಭ ಯಾರಿಗೆ ಎಂಬುದು ಎರಡು ಅಧ್ಯಯನ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ಫ್ರಾನ್ಸಿನ ವೃದ್ಧಾಶ್ರಮಗಳ 3,270 ಮುದುಕಿಯರಿಗೆ 1200 ಮಿ.ಗ್ರಾಂ ಕ್ಯಾಲ್ಸಿಯಂ, 800 ಐ.ಯು. ಡಿ ಕೊಟ್ಟಾಗ ಹದಿನೆಂಟು ತಿಂಗಳಲ್ಲಿ ತೊಡೆಸಂದಿಯ ಮುರಿತ ಶೇ. 43 ಕಡಿಮೆಯಾಯಿತು (1992). ಅಮೆರಿಕದ ವುಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ 36,282 ಮಹಿಳೆಯರಿಗೆ 1000 ಮಿ.ಗ್ರಾಂ, 400 ಐ.ಯು. ಏಳು ವರ್ಷ ನಡೆಯಿತು. ಎಲುಬಿನ ದಟ್ಟಣೆ ಶೇ. 1ರಷ್ಟು ಹೆಚ್ಚಾಯಿತು, ಮುರಿತ ಮಾತ್ರ ಖಚಿತವಾಗಿ ಕಡಿಮೆಯಾಗಲಿಲ್ಲ, ಕಿಡ್ನಿ ಕಲ್ಲು ಶೇ. 17 ಹೆಚ್ಚಾಯಿತು (2006). ಮೊದಲ ಗುಂಪಿನವರು ವಯಸ್ಸಾದವರು, ಬಿಸಿಲು ಕಾಣದವರು, ಊಟದಲ್ಲೇ ಕೊರತೆ ಇದ್ದವರು. ಎರಡನೆಯವರಲ್ಲಿ ಬಹಳ ಮಂದಿ ಹಾಲು-ಚೀಸು ಆಗಲೇ ತಿನ್ನುತ್ತಿದ್ದವರು. ಮನೆಯಲ್ಲಿ ಕೂತಲ್ಲೇ ಇರುವ ಎಂಬತ್ತರ ಅಜ್ಜಿಗೆ ಗುಳಿಗೆ ಕೊಡಿ, ದಿನಾ ಅರ್ಧ ಲೀಟರ್ ಹಾಲು-ಮೊಸರು ತಿನ್ನುವ ಐವತ್ತರ ಸೊಸೆಗೆ ಯಾಕೆ ಎಂದು ಕೇಳಿ.

ಕಲ್ಲಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಊಟದ ಕ್ಯಾಲ್ಸಿಯಂ ಕಲ್ಲನ್ನು ತಡೆಯುತ್ತದೆ, ಯಾಕೆಂದರೆ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದ ಗುಳಿಗೆಗೆ ಹಿಡಿಯಲು ಆಕ್ಸಲೇಟ್ ಸಿಗುವುದಿಲ್ಲ, ಅದು ನೇರ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಹೋಗುತ್ತದೆ. ರಾತ್ರಿ ಮಲಗುವ ಮುಂಚೆ ಗುಳಿಗೆ ನುಂಗುವವರಿಗೆ ಇದೇ ತೊಂದರೆ. ಕಲ್ಲಾಗಿದೆ ಎಂದು ಹಾಲು-ಮಜ್ಜಿಗೆ ಬಿಡುವುದು ತಪ್ಪು. ಬಿಡಬೇಕಾದ್ದು ಊಟವಿಲ್ಲದ ಗುಳಿಗೆಯನ್ನು. ಮಾರ್ಚ್‌ನಿಂದ ಮೇವರೆಗೆ ಹೊಲದಲ್ಲಿ ದುಡಿಯುವವರು ಮೂತ್ರ ತಿಳಿಯಾಗುವಷ್ಟು ನೀರು ಕುಡಿಯಲೇಬೇಕು.

ಹೃದಯದ ಮಾತು ಇನ್ನೂ ಇತ್ಯರ್ಥವಾಗಿಲ್ಲ. 2010ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಹಲವು ಅಧ್ಯಯನ ಸೇರಿಸಿ ನೋಡಿ, ಡಿ ಇಲ್ಲದ ಬರೀ ಕ್ಯಾಲ್ಸಿಯಂ ಗುಳಿಗೆಯಿಂದ ಹೃದಯಾಘಾತ ಶೇ. 30ರ ಆಸುಪಾಸು ಹೆಚ್ಚು ಎಂದರು. 2016ರಲ್ಲಿ ಅಮೆರಿಕದ ತಜ್ಞ ಸಂಘಗಳು ಒಟ್ಟು ಕ್ಯಾಲ್ಸಿಯಂ 2000-2500 ಮೀರದಿದ್ದರೆ ಅಪಾಯವಿಲ್ಲ ಎಂದವು. ಊಟದ ಕ್ಯಾಲ್ಸಿಯಂ ಮೇಲೆ ಈ ದೂರು ಇಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಗುಳಿಗೆಗಿಂತ ವಾಟಿಯನ್ನು ನಂಬುವುದು ಲೇಸು.

ಮಲಬದ್ಧತೆ, ಹೊಟ್ಟೆಯುಬ್ಬರ ಕಾರ್ಬೊನೇಟ್‌ನ ನಿತ್ಯದ ಕಿರಿಕಿರಿ. ಡೋಸು ಅರ್ಧ ಮಾಡಿ ಎರಡು ಊಟಕ್ಕೆ ಹಂಚಿ, ತಪ್ಪಲು ಪಲ್ಲೆ, ನೀರು ಹೆಚ್ಚಿಸಿ. ಆಗದಿದ್ದರೆ ಸಿಟ್ರೇಟ್‌ಗೆ ಬದಲಿಸಿ.

ಅಪರೂಪದ, ಆದರೆ ನಮ್ಮ ಕಡೆಗೆ ಹೇಳಿ ಮಾಡಿಸಿದಂಥ ಅಪಾಯ ಒಂದಿದೆ. ಎಲೆ-ಅಡಿಕೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಂ, ಜೊತೆಗೆ ಕ್ಷಾರ. ಎದೆಯುರಿಗೆ ಚಪ್ಪರಿಸುವ ಬಿಳಿ ಆಂಟಾಸಿಡ್ ಗುಳಿಗೆಗಳಲ್ಲಿ ಹಲವು ಕ್ಯಾಲ್ಸಿಯಂ ಕಾರ್ಬೊನೇಟೇ. ದಿನಕ್ಕೆ ಹತ್ತಾರು ಎಲೆ ಹಾಕುವ ಅಜ್ಜ, ಎರಡು ಕ್ಯಾಲ್ಸಿಯಂ ಗುಳಿಗೆ, ನಾಲ್ಕು ಆಂಟಾಸಿಡ್, ಮೇಲೆ ಬಿಪಿಗೆ ಹೈಡ್ರೊಕ್ಲೋರೊಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಸೇರಿದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಹೋಗುವ ದಾರಿಯೂ ಕಟ್ಟಿಹೋಗುತ್ತದೆ. ಬಿಪಿ ಗುಳಿಗೆಯ ಹೆಸರಿನ ಕೊನೆಗೆ ‘ಎಚ್’ ಅಥವಾ ‘ಸಿಟಿ’ ಇದ್ದರೆ ಹಲವು ಸಲ ಅದರಲ್ಲಿ ಇವೇ ಇರುತ್ತವೆ. ಆಗ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಮಲ ಕಟ್ಟುವುದು, ಮಂಕು ಕವಿದಂತೆ ಮಾತು ತಪ್ಪುವುದು ಶುರುವಾಗುತ್ತದೆ. ಮನೆಯವರು ಶುಗರ್ ಎಂದೋ ‘ವಯಸ್ಸಾತು, ಅರಳುಮರಳು’ ಎಂದೋ ಅಂದುಕೊಳ್ಳುತ್ತಾರೆ. ಗುಳಿಗೆ, ಸುಣ್ಣ ಎರಡನ್ನೂ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ, ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಲು ಹೇಳಿ. ಎಲೆ ಹಾಕುವ ಸಂಗತಿಯನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಕಿಡ್ನಿ ಕೆಟ್ಟವರು, ಡಯಾಲಿಸಿಸ್‌ನಲ್ಲಿರುವವರು, ಪ್ಯಾರಾಥೈರಾಯ್ಡ್ ಹೆಚ್ಚಿರುವವರು, ಸಾರ್ಕಾಯ್ಡೋಸಿಸ್ (ಶ್ವಾಸಕೋಶ ಮೊದಲಾದೆಡೆ ಗಂಟು ಕಟ್ಟುವ ರೋಗ) ಇರುವವರು, ಹೃದಯಕ್ಕೆ ಡಿಗಾಕ್ಸಿನ್ ನುಂಗುವವರು ವೈದ್ಯರ ಕೈಬರಹವಿಲ್ಲದೆ ಕ್ಯಾಲ್ಸಿಯಂ, ಡಿ ಎರಡನ್ನೂ ಮುಟ್ಟಬಾರದು. ಕ್ಷಯಕ್ಕೆ ಚಿಕಿತ್ಸೆಯಲ್ಲಿರುವವರೂ ಕೇಳಿಯೇ ತೆಗೆದುಕೊಳ್ಳಲಿ.

ಗುಳಿಗೆ ತಂದ ಮೇಲೆ

ಗುಳಿಗೆ ಹೊಟ್ಟೆಯಲ್ಲಿ ಕರಗುತ್ತದೋ ಇಲ್ಲವೋ ಎಂಬ ಸಂಶಯವಿದ್ದರೆ ಒಂದನ್ನು ಸಣ್ಣ ವಾಟಿ ವಿನೆಗರಿನಲ್ಲಿ ಹಾಕಿ ಆಗಾಗ ಅಲುಗಿಸಿ. ಕಾರ್ಬೊನೇಟ್ ಗುಳಿಗೆ ನೊರೆಯೆದ್ದು ಅರ್ಧ ತಾಸಿನಲ್ಲಿ ಒಡೆದು ಪುಡಿಯಾಗಬೇಕು. ಕಲ್ಲಿನಂತೆ ಹಾಗೇ ಕೂತಿದ್ದರೆ ಕಂಪನಿ ಬದಲಿಸಿ. ಮಳೆಗಾಲದಲ್ಲಿ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಸುರಿದಿಡಬೇಡಿ, ತೇವಕ್ಕೆ ಡಿ3 ಕೆಡುತ್ತದೆ.

ಟೊಳ್ಳೆಲುಬು ಎಂದು ಗೊತ್ತಾದವರಿಗೆ ಕ್ಯಾಲ್ಸಿಯಂ ಒಂದೇ ಚಿಕಿತ್ಸೆಯಲ್ಲ, ಅಲೆಂಡ್ರೊನೇಟ್ ಅಥವಾ ವರ್ಷಕ್ಕೊಮ್ಮೆಯ ಜೊಲೆಡ್ರೊನಿಕ್ ಆಸಿಡ್‌ನಂಥ ಔಷಧ ಬೇಕಾಗುತ್ತದೆ, ಕ್ಯಾಲ್ಸಿಯಂ ಅದಕ್ಕೆ ಇಟ್ಟಿಗೆ ಒದಗಿಸುತ್ತದೆ. ಜೊಲೆಡ್ರೊನಿಕ್ ಹಾಕಿಸುವ ಮುಂಚೆ ಡಿ ಕೊರತೆ ತುಂಬಿರಬೇಕು, ಇಲ್ಲವಾದರೆ ರಕ್ತದ ಕ್ಯಾಲ್ಸಿಯಂ ಒಮ್ಮೆಲೆ ಕುಸಿದು ಕೈಕಾಲು ಸೆಡೆತ ಬರಬಹುದು. ಹುಳುಕು ಹಲ್ಲು ಕೀಳಿಸುವುದಿದ್ದರೆ ಅದನ್ನೂ ಮೊದಲೇ ಮುಗಿಸಿ.

ಡೆಕ್ಸಾವನ್ನು ಮೂರು ತಿಂಗಳಿಗೆ ಮತ್ತೆ ಮಾಡಿಸಿ ಪ್ರಯೋಜನವಿಲ್ಲ. ಅಷ್ಟರಲ್ಲಿ ಆಗುವ ಬದಲಾವಣೆ ಯಂತ್ರದ ತಪ್ಪಿನಷ್ಟೂ ಇರುವುದಿಲ್ಲ. ಒಂದೆರಡು ವರ್ಷ ಬಿಟ್ಟು, ಅದೇ ಸೆಂಟರಿನ ಅದೇ ಯಂತ್ರದಲ್ಲಿ ಮಾಡಿಸಿ. ಹೋಗುವಾಗ ಹಳೆಯ ರಿಪೋರ್ಟ್ ಜೊತೆ, ದಿನಾ ನುಂಗುವ ಎಲ್ಲ ಗುಳಿಗೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಒಯ್ಯಿರಿ.